ಎಲ್ಡನ್ ರಿಂಗ್‌ನಲ್ಲಿ ಸುತ್ತಾಟವೇ ಬೆಳವಣಿಗೆ: ಮೊದಲ ಸಲ ಆಡುವವರಿಗೆ ಸಮಗ್ರ ಮಾರ್ಗದರ್ಶಿ

ಎಲ್ಡನ್ ರಿಂಗ್ ಶುರು ಮಾಡಿದವರಿಗೆ ಸಿಟ್ಟು ಬರಿಸುವ ಜಾಗಗಳು ಎರಡಿವೆ. ಮೊದಲನೆಯದು, ಗುಹೆಯಿಂದ ಹೊರಗೆ ಕಾಲಿಟ್ಟ ಕೂಡಲೇ ಕಾಣುವ ಟ್ರೀ ಸೆಂಟಿನೆಲ್. ಚಿನ್ನದ ಕವಚ ತೊಟ್ಟು ಕುದುರೆ ಮೇಲೆ ಗಸ್ತು ತಿರುಗುತ್ತಿರುತ್ತಾನೆ, ಎರಡೇ ಏಟಿಗೆ ನೆಲಕ್ಕೆ ಕೆಡವುತ್ತಾನೆ. ಎರಡನೆಯದು ಸ್ಟಾರ್ಮ್‌ವೇಲ್ ಕೋಟೆಯ ದಾರಿಯಲ್ಲಿ ಕಾಯುವ ಮಾರ್ಗಿಟ್ ಅನ್ನುವ ಬಾಸ್, ಅಂದರೆ ದೊಡ್ಡ ಶತ್ರು. ಇಬ್ಬರೂ ಹೇಳುವುದು ಒಂದೇ: ಈಗ ಬೇರೆ ಕಡೆ ಹೋಗು, ಆಮೇಲೆ ಬಾ. ಆಟ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೆ.

ಫ್ರಮ್‌ಸಾಫ್ಟ್‌ವೇರ್ ಕಂಪನಿ 2022ರ ಫೆಬ್ರವರಿಯಲ್ಲಿ ಬಿಡುಗಡೆ ಮಾಡಿದ ಆಟ ಇದು. ನಿರ್ದೇಶಕರು ಹಿಡೆತಾಕಾ ಮಿಯಾಝಾಕಿ. ಇಲ್ಲಿನ ಲೆಕ್ಕಾಚಾರ ಬೇರೆ ಓಪನ್ ವರ್ಲ್ಡ್ ಆಟಗಳಿಗಿಂತ ಬೇರೆ. ಸ್ಕೈರಿಮ್‌ನಲ್ಲಿ ನಿಮ್ಮ ಲೆವೆಲ್ ಏರಿದ ಹಾಗೆ ಬಹಳಷ್ಟು ಶತ್ರುಗಳ ಬಲವೂ ಏರುತ್ತದೆ. ಇಲ್ಲಿ ಹಾಗಿಲ್ಲ. ಪ್ರತಿ ಪ್ರದೇಶದ ಶತ್ರುಗಳ ಬಲ ಮೊದಲೇ ನಿಗದಿಯಾಗಿದೆ. ಆಟ ಶುರುವಾಗುವ ಲಿಮ್‌ಗ್ರೇವ್ ಸುಲಭ, ಪಕ್ಕದಲ್ಲೇ ಇರುವ ಕೇಲಿಡ್ ಹೊಸಬರಿಗೆ ನರಕ. ನಡುವೆ ಬೇಲಿ ಏನೂ ಇಲ್ಲ. ಹಾಗಾಗಿ ಎಲ್ಲಿಗೆ ಯಾವಾಗ ಹೋಗುತ್ತೀರಿ ಅನ್ನುವುದೇ ನಿಮ್ಮ ಡಿಫಿಕಲ್ಟಿ ಸೆಟ್ಟಿಂಗ್.

ಇನ್ನೊಂದು ವಿಷಯವನ್ನು ಈಗಲೇ ಹೇಳಿಬಿಡುತ್ತೇನೆ. ಪೂರ್ತಿ ಲೇಖನ ನಿಂತಿರುವುದು ಅದರ ಮೇಲೆಯೇ. ಪಾತ್ರ ಬೆಳೆಯುವುದು ಲೆವೆಲ್‌ನಿಂದ ಮಾತ್ರ ಅಂದುಕೊಂಡು ಒಂದೇ ಜಾಗದಲ್ಲಿ ಅದೇ ಸೈನಿಕರನ್ನು ಕೊಂದು ಕೊಂದು ರೂನ್ (ಲೆವೆಲ್ ಏರಿಸಲೂ ಸಾಮಾನು ಕೊಳ್ಳಲೂ ಬೇಕಾದ ಹಣ) ಕೂಡಿಸಬೇಡಿ. ಆಯುಧ ಬಲವಾಗಲು ಬೇಕಾದ ಕಲ್ಲು, ಜೀವ ತುಂಬಿಸುವ ಫ್ಲಾಸ್ಕ್ ಹೆಚ್ಚಿಸುವ ಬೀಜ, ಜೊತೆಗೆ ಹೊಡೆದಾಡುವ ಆತ್ಮಗಳು, ಇವೆಲ್ಲ ಬಿದ್ದಿರುವುದು ಮ್ಯಾಪ್ ಮೇಲೆ. ಹುಡುಕಿಕೊಂಡು ಸುತ್ತಿದರೆ ರೂನ್ ತಾನಾಗಿಯೇ ಬರುತ್ತದೆ.

ಹಂತ 1: ಕ್ಲಾಸ್ ಆಯ್ಕೆಗೆ ತಲೆ ಕೆಡಿಸಿಕೊಳ್ಳಬೇಡಿ

ಹತ್ತು ಕ್ಲಾಸ್‌ಗಳಿವೆ. ಆದರೆ ಕ್ಲಾಸ್ ಅಂದರೆ ಶುರುವಿನ ಅಂಕಿಗಳು ಮತ್ತು ಸಾಮಾನು ಮಾತ್ರ. ಯಾವ ಕ್ಲಾಸ್ ಆದರೂ ಮುಂದೆ ಮಂತ್ರ ಕಲಿಯಬಹುದು, ದೊಡ್ಡ ಕೊಡಲಿಯನ್ನೂ ಎತ್ತಬಹುದು.

ಹೊಸಬರಿಗೆ ನಾನು ಹೇಳುವುದು ಮೂರರಲ್ಲಿ ಒಂದು. ವ್ಯಾಗಬಾಂಡ್ ತೆಗೆದುಕೊಂಡರೆ ಒಳ್ಳೆಯ ಗುರಾಣಿ ಮತ್ತು 15 ವಿಗರ್ (ಜೀವ ಹೆಚ್ಚಿಸುವ ಅಂಕಿ) ಜೊತೆ ಶುರುವಾಗುತ್ತದೆ. ಸಮುರಾಯ್‌ಗೆ ಉಚಿಗತಾನಾ ಕತ್ತಿ, ಬಿಲ್ಲು ಎರಡೂ ಸಿಗುತ್ತವೆ. ಆ ಕತ್ತಿ ಆಟದ ಕೊನೆಯವರೆಗೂ ಕೆಲಸಕ್ಕೆ ಬರುವಂಥದ್ದು. ಮಂತ್ರ ಇಷ್ಟವಿದ್ದರೆ ಆಸ್ಟ್ರಾಲಜರ್. ದೂರದಿಂದ ಹೊಡೆಯಬಹುದು, ಆದರೆ ವಿಗರ್ ಬರೀ 9. ಹತ್ತಿರ ಬಂದವನು ಒಂದು ಏಟು ಕೊಟ್ಟರೆ ಕಥೆ ಮುಗೀತು. ರೆಚ್ ಅನ್ನುವ ಕ್ಲಾಸ್ ಲೆವೆಲ್ 1ರಲ್ಲಿ, ಮೈಮೇಲೆ ಬಟ್ಟೆ ಇಲ್ಲದೆ, ಒಂದು ದೊಣ್ಣೆ ಹಿಡಿದು ಶುರುವಾಗುತ್ತದೆ. ಅದು ಗೊತ್ತಿದ್ದವರ ತಮಾಷೆ, ಮೊದಲ ಸಲಕ್ಕೆ ಬೇಡ.

ಕೀಪ್‌ಸೇಕ್ ಅಂತ ಒಂದು ಉಡುಗೊರೆ ಆರಿಸಲು ಕೇಳುತ್ತದೆ. ಗೋಲ್ಡನ್ ಸೀಡ್ ತೆಗೆದುಕೊಳ್ಳಿ. ಶುರುವಿನಲ್ಲಿರುವ 4 ಫ್ಲಾಸ್ಕ್ 5 ಆಗುತ್ತದೆ.

ಆಟ ಶುರುವಾದ ಮೇಲೆ ಒಂದು ಹಳ್ಳದ ಪಕ್ಕ ಪ್ರೇತವೊಂದು ಕೂತಿರುತ್ತದೆ. ಆ ಹಳ್ಳಕ್ಕೆ ಹಾರಿ. ಅದೇ ಟ್ಯುಟೋರಿಯಲ್. ಎಷ್ಟೋ ಜನ ಅದನ್ನು ನೋಡದೆ ಮುಂದೆ ಹೋಗಿ, ಗಾರ್ಡ್ ಕೌಂಟರ್ ಅಂದರೆ ಏನು ಅಂತ ಆಮೇಲೆ ಕೇಳುತ್ತಾರೆ.

ಹಂತ 2: ಮೊದಲ ಒಂದು ಗಂಟೆಯಲ್ಲಿ ಮಾಡಬೇಕಾದದ್ದು

ಟ್ರೀ ಸೆಂಟಿನೆಲ್‌ನನ್ನು ದೂರದಿಂದಲೇ ಸುತ್ತುಹಾಕಿಕೊಂಡು ಚರ್ಚ್ ಆಫ್ ಎಲ್ಲೆಗೆ ಬನ್ನಿ. ಅಲ್ಲಿ ಕಾಲೆ ಅನ್ನುವ ವ್ಯಾಪಾರಿ ಬೆಂಕಿ ಹಾಕಿಕೊಂಡು ಕೂತಿರುತ್ತಾನೆ. 300 ರೂನ್ ಕೊಟ್ಟು ಕ್ರಾಫ್ಟಿಂಗ್ ಕಿಟ್ ಕೊಳ್ಳಿ. ಗುಹೆಗಳಲ್ಲಿ ಕತ್ತಲು ಜಾಸ್ತಿ, ಹಾಗಾಗಿ ಒಂದು ಟಾರ್ಚ್ ಕೂಡ ಇರಲಿ.

ಅಲ್ಲಿಂದ ಉತ್ತರಕ್ಕೆ ಹೋದರೆ ಗೇಟ್‌ಫ್ರಂಟ್ ರೂಯಿನ್ಸ್. ಸೈನಿಕರು ತುಂಬಿರುವ ಪಾಳು ಊರು. ರಸ್ತೆ ಪಕ್ಕದ ಕಲ್ಲುಗಂಬದ ಬುಡದಲ್ಲಿ ಲಿಮ್‌ಗ್ರೇವ್ ಪಶ್ಚಿಮ ಭಾಗದ ಮ್ಯಾಪ್ ಸಿಗುತ್ತದೆ. ಅದನ್ನು ತೆಗೆದುಕೊಂಡು ನೆಲಮಾಳಿಗೆಗೆ ಇಳಿಯಿರಿ. ಅಲ್ಲಿನ ಪೆಟ್ಟಿಗೆಯಲ್ಲಿ ವೆಟ್‌ಸ್ಟೋನ್ ನೈಫ್ ಇದೆ. ಇದಿಲ್ಲದೆ ಆಯುಧಕ್ಕೆ ಆ್ಯಶ್ ಆಫ್ ವಾರ್ (ಆಯುಧಕ್ಕೆ ವಿಶೇಷ ವರಸೆ ಕೊಡುವ ವಸ್ತು) ಹಾಕಲು ಆಗುವುದಿಲ್ಲ. ಎಲ್ಲರನ್ನೂ ಕೊಲ್ಲಲೇಬೇಕು ಅಂತೇನಿಲ್ಲ. ಕೂತು ನುಸುಳಿಕೊಂಡು ಹೋಗಿ ತಂದರೂ ಸರಿ.

ಹತ್ತಿರದ ಗ್ರೇಸ್ (ಚಿನ್ನದ ಬೆಳಕಿನ ವಿಶ್ರಾಂತಿ ತಾಣ) ಬಳಿ ಕೂತಾಗ ಮೆಲಿನಾ ಅನ್ನುವವಳು ಬರುತ್ತಾಳೆ. ಅವಳ ಮಾತಿಗೆ ಒಪ್ಪಿಕೊಂಡ ಮೇಲೆಯೇ ಲೆವೆಲ್ ಏರಿಸುವುದು ಸಾಧ್ಯ. ಟೊರೆಂಟ್ ಅನ್ನುವ ಕುದುರೆಯೂ ಆಗಲೇ ಸಿಗುವುದು. ಕುದುರೆ ಸಿಕ್ಕಿದ ಕೂಡಲೇ ವಾಪಸ್ ಚರ್ಚ್ ಆಫ್ ಎಲ್ಲೆಗೆ ಹೋಗಿ. ರೆನ್ನಾ ಅನ್ನುವ ಮಾಟಗಾತಿ ಆತ್ಮಗಳನ್ನು ಕರೆಯಲು ಬಾರಿಸುವ ಒಂದು ಗಂಟೆ ಮತ್ತು ಮೂರು ತೋಳಗಳ ಆತ್ಮವನ್ನು ಕೊಡುತ್ತಾಳೆ. ಶುರುವಿನ ಬಾಸ್‌ಗಳ ಎದುರು ಈ ತೋಳಗಳು ದೊಡ್ಡ ಆಸರೆ. ಅವಳು ತಪ್ಪಿಹೋದರೂ ಚಿಂತೆ ಇಲ್ಲ, ಮುಂದೆ ರೌಂಡ್‌ಟೇಬಲ್ ಹೋಲ್ಡ್ ಅನ್ನುವ ನೆಲೆಯ ಅಂಗಡಿಯಲ್ಲಿ ಕೊಳ್ಳಬಹುದು.

ಆತ್ಮಗಳನ್ನು ಕರೆಯುವುದು ಮೋಸ ಅಂತ ಮೂಗು ಮುರಿಯುವವರು ಇದ್ದಾರೆ. ಕಿವಿಗೆ ಹಾಕಿಕೊಳ್ಳಬೇಡಿ. ಆಟ ಮಾಡಿದವರೇ ಕೊಟ್ಟಿರುವ ಸೌಲಭ್ಯ ಅದು.

ಹಂತ 3: ಮ್ಯಾಪ್ ಓದುವುದನ್ನು ಕಲಿಯಿರಿ

ಈ ಹಂತವನ್ನು ನಿಧಾನವಾಗಿ ಓದಿ, ಮುಂದಿನದೆಲ್ಲ ಇದರ ಮೇಲೆಯೇ.

ಹೊಸ ಪ್ರದೇಶಕ್ಕೆ ಕಾಲಿಟ್ಟಾಗ ಮ್ಯಾಪ್ ಮಸುಕಾಗಿರುತ್ತದೆ. ಆದರೆ ಆ ಮಸುಕಿನಲ್ಲೂ ರಸ್ತೆಗಳು ಕಾಣುತ್ತವೆ, ಮ್ಯಾಪ್ ಸಿಗುವ ಕಲ್ಲುಗಂಬದ ಸಣ್ಣ ಗುರುತೂ ಕಾಣುತ್ತದೆ. ಮೊದಲು ಟೊರೆಂಟ್ ಹತ್ತಿ ನೇರವಾಗಿ ಅಲ್ಲಿಗೇ ಓಡಿ. ದಾರಿಯಲ್ಲಿ ಅಡ್ಡ ಬಂದವರ ಜೊತೆ ಹೊಡೆದಾಡುತ್ತಾ ನಿಲ್ಲಬೇಡಿ.

ಮ್ಯಾಪ್ ಕೈಗೆ ಬಂದ ಮೇಲೆ ಕೂತು ಐದು ನಿಮಿಷ ನೋಡಿ. ಅದು ಬಿಡಿಸಿದ ಚಿತ್ರ, ಬರೀ ಅಲಂಕಾರ ಅಲ್ಲ. ಅದರಲ್ಲಿ ಬರೆದಿರುವ ಕಟ್ಟಡ, ಮರ, ತೂತು ಎಲ್ಲಕ್ಕೂ ಅರ್ಥ ಇದೆ. ಯಾವ ಥರದ ಜಾಗದಲ್ಲಿ ಏನು ಸಿಗುತ್ತದೆ ಅನ್ನುವುದರಲ್ಲಿ ಆಟ ಬಹುಮಟ್ಟಿಗೆ ನಿಯತ್ತಾಗಿದೆ.

ಕೆಂಪು-ಕಂದು ಅಂಚಿನ ಕಪ್ಪು ತೂತು ಕಂಡರೆ ಅದು ಗಣಿ. ಅಲ್ಲಿ ಸ್ಮಿಥಿಂಗ್ ಸ್ಟೋನ್ ಸಿಗುತ್ತದೆ, ಅಂದರೆ ಆಯುಧ ಬಲಪಡಿಸುವ ಕಲ್ಲು. ಪಾಳುಬಿದ್ದ ಮರಿಕಾ ಚರ್ಚ್‌ಗಳಲ್ಲಿ ಸೇಕ್ರೆಡ್ ಟಿಯರ್. ಒಂದೊಂದು ಟಿಯರ್‌ಗೂ ಫ್ಲಾಸ್ಕ್ ಕುಡಿದಾಗ ತುಂಬುವ ಜೀವ ಜಾಸ್ತಿಯಾಗುತ್ತದೆ. ರಸ್ತೆ ಬದಿಯಲ್ಲಿ ಚಿನ್ನದ ಬಣ್ಣದಲ್ಲಿ ಹೊಳೆಯುವ ಸಣ್ಣ ಗಿಡದ ಬುಡದಲ್ಲಿ ಗೋಲ್ಡನ್ ಸೀಡ್. ಇದು ಫ್ಲಾಸ್ಕ್‌ಗಳ ಸಂಖ್ಯೆ ಹೆಚ್ಚಿಸುತ್ತದೆ, ಗರಿಷ್ಠ 14ರವರೆಗೆ. ಮ್ಯಾಪ್‌ನಲ್ಲೇ ಹೊಳೆಯುವ ದೊಡ್ಡ ಮರ ಮೈನರ್ ಎರ್ಡ್‌ಟ್ರೀ. ಅದರ ಬುಡದಲ್ಲಿ ಸಾಮಾನ್ಯವಾಗಿ ಒಬ್ಬ ಬಾಸ್ ಇರುತ್ತಾನೆ. ಗೆದ್ದರೆ ಫಿಸಿಕ್ ಫ್ಲಾಸ್ಕ್ ಅನ್ನುವ ವಿಶೇಷ ಮದ್ದಿನ ಸೀಸೆಗೆ ಬೆರೆಸುವ ಕ್ರಿಸ್ಟಲ್ ಟಿಯರ್ ಸಿಗುತ್ತದೆ. ನೆಲದೊಳಗಿನ ಸಮಾಧಿಗಳಾದ ಕ್ಯಾಟಕೂಂಬ್‌ಗಳಲ್ಲಿ ಆತ್ಮಗಳು ಮತ್ತು ಅವನ್ನು ಬಲಪಡಿಸುವ ಗ್ಲವ್‌ವರ್ಟ್ ಹೂವು. ಪಾಳು ಊರುಗಳಲ್ಲಿ ಮೇಲೆ ಏನೂ ಕಾಣದಿದ್ದರೆ ನೆಲಮಾಳಿಗೆಯ ಮೆಟ್ಟಿಲು ಹುಡುಕಿ.

ರಸ್ತೆ ಬದಿಯಲ್ಲಿ ಬಗ್ಗಿ ಕೂತ ಮುದುಕನಂಥ ಕಲ್ಲಿನ ಮೂರ್ತಿ ಕಂಡರೆ ಮುಟ್ಟಿ. ನೀಲಿ ಬೆಳಕು ಒಂದು ದಿಕ್ಕಿಗೆ ಹೊರಡುತ್ತದೆ. ಅದರ ಕೊನೆಯಲ್ಲಿ ಒಂದು ಕ್ಯಾಟಕೂಂಬ್ ಇರುತ್ತದೆ. ಗ್ರೇಸ್‌ನಿಂದ ಹೊರಡುವ ಚಿನ್ನದ ಎಳೆ ಬೇರೆ. ಅದು ಮುಖ್ಯ ಕಥೆ ಯಾವ ಕಡೆಗಿದೆ ಅಂತ ತೋರಿಸುತ್ತದೆ. ನೀವು ಈಗ ಅಲ್ಲಿಗೆ ಹೋಗುವಷ್ಟು ಬಲವಾಗಿದ್ದೀರಾ ಅಂತ ಅದು ಹೇಳುವುದಿಲ್ಲ. ಹೊಸಬರು ಎಡವುವುದು ಇಲ್ಲೇ. ಎಳೆ ಹಿಡಿದು ನೇರವಾಗಿ ಹೋದರೆ ಲೆವೆಲ್ 10ಕ್ಕೇ ಮಾರ್ಗಿಟ್ ಎದುರು ನಿಂತಿರುತ್ತೀರಿ.

ಗುರುತು ಹಾಕುವ ಅಭ್ಯಾಸ ಈಗಲೇ ಮಾಡಿಕೊಳ್ಳಿ. ಸೋತು ಬಂದ ಬಾಸ್, ಕೀ ಇಲ್ಲದೆ ಬಿಟ್ಟ ಬಾಗಿಲು, ಎಲ್ಲಕ್ಕೂ ಮ್ಯಾಪ್ ಮೇಲೆ ಒಂದು ಚಿಹ್ನೆ. ಈ ಆಟದಲ್ಲಿ ಕ್ವೆಸ್ಟ್ ಪಟ್ಟಿ ಇಲ್ಲ, ನೆನಪಿಟ್ಟುಕೊಳ್ಳುವ ಕೆಲಸ ನಿಮ್ಮದೇ.

ಹಂತ 4: ಮಾರ್ಗಿಟ್ ಬದಲು ದಕ್ಷಿಣಕ್ಕೆ

ಲಿಮ್‌ಗ್ರೇವ್‌ನ ದಕ್ಷಿಣಕ್ಕೆ ಒಂದು ಸೇತುವೆ ದಾಟಿದರೆ ವೀಪಿಂಗ್ ಪೆನಿನ್ಸುಲಾ. ಯಾವಾಗಲೂ ಸಣ್ಣಗೆ ಮಳೆ ಹನಿಯುವ ಜಾಗ. ಮುಖ್ಯ ಕಥೆ ಇಲ್ಲಿಗೆ ಕಳಿಸುವುದೇ ಇಲ್ಲ. ಆದರೆ ಹೊಸ ಪಾತ್ರಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ ಅಂತ ನನ್ನ ಅಭಿಪ್ರಾಯ.

ನನ್ನ ಕ್ರಮ ಹೀಗೆ. ಮೊದಲು ಲಿಮ್‌ಗ್ರೇವ್ ಪೂರ್ವದ ಥರ್ಡ್ ಚರ್ಚ್ ಆಫ್ ಮರಿಕಾ. ಅಲ್ಲಿ ಸೇಕ್ರೆಡ್ ಟಿಯರ್ ಜೊತೆಗೆ ಫಿಸಿಕ್ ಫ್ಲಾಸ್ಕ್ ಕೂಡ ಸಿಗುತ್ತದೆ. ನಂತರ ಆ್ಯಗೀಲ್ ಕೆರೆಯ ಉತ್ತರದ ಲಿಮ್‌ಗ್ರೇವ್ ಟನಲ್ಸ್. ಗೋಡೆಯಲ್ಲಿ ಹೊಳೆಯುವ ಕಲ್ಲುಗಳನ್ನೆಲ್ಲ ಕಿತ್ತುಕೊಳ್ಳಿ. ಅಲ್ಲಿನ ಗಣಿ ಕೆಲಸಗಾರರ ಮೈ ಕಲ್ಲಿನಂಥದ್ದು, ಕತ್ತಿ ಅಷ್ಟಾಗಿ ನಾಟುವುದಿಲ್ಲ. ದೊಣ್ಣೆ, ಸುತ್ತಿಗೆ ಇದ್ದರೆ ಸುಲಭ. ಆಮೇಲೆ ಸೇತುವೆ ದಾಟಿ ಪೆನಿನ್ಸುಲಾದ ಮೂರು ಚರ್ಚ್‌ಗಳು: ಕ್ಯಾಲು ಬ್ಯಾಪ್ಟಿಸ್ಮಲ್ ಚರ್ಚ್, ಫೋರ್ತ್ ಚರ್ಚ್ ಆಫ್ ಮರಿಕಾ, ಚರ್ಚ್ ಆಫ್ ಪಿಲ್‌ಗ್ರಿಮೇಜ್. ಮೂರರಲ್ಲೂ ಒಂದೊಂದು ಟಿಯರ್. ಅಲ್ಲಿನ ಮಾರ್ನ್ ಟನಲ್‌ನಲ್ಲಿ ಇನ್ನಷ್ಟು ಕಲ್ಲು. ಕೊನೆಗೆ ಮಾರ್ನ್ ಕೋಟೆ. ಅಲ್ಲಿನ ಬಾಸ್ ಸೋತರೆ ಕತ್ತಿಗಳನ್ನೆಲ್ಲ ಒಟ್ಟಿಗೆ ಬೆಸೆದ ಹಾಗಿರುವ ಒಂದು ದೈತ್ಯ ಖಡ್ಗ ಸಿಗುತ್ತದೆ. ಸ್ಟ್ರೆಂಗ್ತ್ 40 ಬೇಕು, ಈಗಲೇ ಎತ್ತಲು ಆಗುವುದಿಲ್ಲ, ಆದರೂ ಇಟ್ಟುಕೊಳ್ಳಿ.

ಇಷ್ಟು ಸುತ್ತಿ ಬರುವಷ್ಟರಲ್ಲಿ ಲೆವೆಲ್ 20 ದಾಟಿರುತ್ತದೆ. ಆಯುಧವೂ ಪ್ಲಸ್ 3 (ಮೂರು ಮೆಟ್ಟಿಲು ಬಲಪಡಿಸಿದ್ದು) ಆಗಿರುತ್ತದೆ. ರೂನ್‌ಗಾಗಿ ಒಂದು ಕಡೆಯೂ ನಿಂತಿರುವುದಿಲ್ಲ, ಅಲ್ವಾ?

ಒಂದು ಎಚ್ಚರಿಕೆ. ಆ್ಯಗೀಲ್ ಕೆರೆಯಲ್ಲಿರುವ ಡ್ರ್ಯಾಗನ್-ಬರ್ನ್ಟ್ ರೂಯಿನ್ಸ್‌ನ ನೆಲಮಾಳಿಗೆಯಲ್ಲಿ ಒಂದು ಪೆಟ್ಟಿಗೆ ಇದೆ. ತೆರೆದರೆ ಹೊಗೆ ಸುತ್ತಿಕೊಂಡು ಕೇಲಿಡ್‌ನ ಸೆಲಿಯಾ ಕ್ರಿಸ್ಟಲ್ ಟನಲ್‌ಗೆ ಎಸೆಯುತ್ತದೆ. ಗಣಿಯ ಒಳಗಿಂದ ಫಾಸ್ಟ್ ಟ್ರಾವೆಲ್ ಆಗುವುದಿಲ್ಲ. ಗಾಬರಿಯಾಗಬೇಡಿ. ಯಾರ ಜೊತೆಗೂ ಹೊಡೆದಾಟಕ್ಕೆ ಇಳಿಯದೆ ಗಣಿಯ ಬಾಯಿಯವರೆಗೆ ನುಸುಳಿಕೊಂಡು ಹೋಗಿ. ಹೊರಗೆ ಬಂದ ಕೂಡಲೇ ಮ್ಯಾಪ್ ತೆರೆದು ಲಿಮ್‌ಗ್ರೇವ್‌ಗೆ ಹಾರಿಕೊಳ್ಳಿ.

ಹಂತ 5: ರೂನ್ ಎಲ್ಲಿ ಹಾಕಬೇಕು

ಉತ್ತರ ಬೇಜಾರು ಹಿಡಿಸುವಷ್ಟು ಸರಳ: ವಿಗರ್. ಶುರುವಿನಲ್ಲಿ ಆಯುಧಕ್ಕೆ ಬೇಕಾದ ಕನಿಷ್ಠ ಅಂಕಿ ಮುಟ್ಟಿಸಿ, ಉಳಿದದ್ದರಲ್ಲಿ ಹೆಚ್ಚಿನ ಪಾಲು ವಿಗರ್‌ಗೆ. ವಿಗರ್ 40 ಆದಾಗ ಜೀವ 1450, 60 ಆದಾಗ 1900. 60 ದಾಟಿದ ಮೇಲೆ 99ರವರೆಗೆ ಏರಿಸಿದರೂ ಸಿಗುವುದು ಇನ್ನು 200 ಮಾತ್ರ. ಹಾಗಾಗಿ ಮೊದಲ ಗುರಿ 40, ಆಟದ ಕೊನೆಯ ಭಾಗಕ್ಕೆ 60, ಅಲ್ಲಿಗೆ ನಿಲ್ಲಿಸಿ.

ಡ್ಯಾಮೇಜ್ ಕೊಡುವ ಅಂಕಿಗಳ ಮೇಲೆ ಮೊದಲೇ ಸುರಿಯಬೇಡಿ ಅನ್ನುವುದಕ್ಕೆ ಕಾರಣ ಇದೆ. ಆಯುಧದ ಪಕ್ಕ ಇ, ಡಿ, ಸಿ, ಬಿ, ಎ, ಎಸ್ ಅಂತ ಅಕ್ಷರಗಳು ಕಾಣುತ್ತವೆ. ನಿಮ್ಮ ಅಂಕಿಯಿಂದ ಆಯುಧಕ್ಕೆ ಎಷ್ಟು ಬಲ ಸೇರುತ್ತದೆ ಅನ್ನುವುದರ ಗುರುತು ಅದು. ಆಯುಧ ಪ್ಲಸ್ 1, ಪ್ಲಸ್ 2ರಲ್ಲಿ ಇರುವಾಗ ಹೀಗೆ ಸೇರುವ ಬಲ ತೀರಾ ಕಮ್ಮಿ. ಡೆಕ್ಸ್‌ಟೆರಿಟಿಗೆ ಐದು ಲೆವೆಲ್ ಹಾಕಿದರೂ ಅಂಕಿ ಅಲುಗಾಡಿದ ಹಾಗೆ ಕಾಣುವುದಿಲ್ಲ. ಅದೇ ಆಯುಧವನ್ನು ಕಲ್ಲು ಹಾಕಿ ಬಲಪಡಿಸಿದರೆ ಮೂಲ ಬಲವೂ ಏರುತ್ತದೆ, ಸೇರುವ ಬಲವೂ ಏರುತ್ತದೆ. ಮೊದಲು ಕಲ್ಲು, ಆಮೇಲೆ ಅಂಕಿ ಅನ್ನುವುದು ಇದಕ್ಕೇ.

ಲೆಕ್ಕ ಹೀಗಿದೆ. ಸಾಮಾನ್ಯ ಆಯುಧಗಳು ಪ್ಲಸ್ 25ರವರೆಗೆ ಹೋಗುತ್ತವೆ. ಪ್ಲಸ್ 1ಕ್ಕೆ 2 ಕಲ್ಲು, ಪ್ಲಸ್ 2ಕ್ಕೆ 4, ಪ್ಲಸ್ 3ಕ್ಕೆ 6. ಅದಾದ ಮೇಲೆ ಮುಂದಿನ ದರ್ಜೆಯ ಕಲ್ಲು ಬೇಕು, ಮತ್ತೆ ಅದೇ 2, 4, 6. ಚರ್ಚ್ ಆಫ್ ಎಲ್ಲೆಯಲ್ಲಿರುವ ಕಮ್ಮಾರರ ಅಡಿಗಲ್ಲಿನಲ್ಲಿ ಪ್ಲಸ್ 3ರವರೆಗೆ ಮಾತ್ರ ಆಗುತ್ತದೆ. ಮುಂದಿನದಕ್ಕೆ ರೌಂಡ್‌ಟೇಬಲ್ ಹೋಲ್ಡ್‌ನ ಕಮ್ಮಾರ ಹ್ಯೂಗ್ ಬೇಕು. ಮಾರ್ನ್ ಕೋಟೆಯ ಖಡ್ಗದಂಥ ವಿಶೇಷ ಆಯುಧಗಳಿಗೆ ಸೋಂಬರ್ ಕಲ್ಲು. ಅವು ಪ್ಲಸ್ 10ಕ್ಕೆ ನಿಲ್ಲುತ್ತವೆ, ಒಂದೊಂದು ಮೆಟ್ಟಿಲಿಗೂ ಒಂದೇ ಕಲ್ಲು ಸಾಕು.

ಸಿಕ್ಕ ಆಯುಧಕ್ಕೆಲ್ಲ ಕಲ್ಲು ಹಂಚಬೇಡಿ. ಒಂದು ಮುಖ್ಯ ಆಯುಧ, ಬೇಕಿದ್ದರೆ ಇನ್ನೊಂದು. ಲಿಮ್‌ಗ್ರೇವ್ ನಂತರದ ಪ್ರದೇಶವಾದ ಲಿಯುರ್ನಿಯಾದ ರಾಯಾ ಲುಕಾರಿಯಾ ಕ್ರಿಸ್ಟಲ್ ಟನಲ್‌ನ ಬಾಸ್ ಸೋತರೆ ಒಂದು ಬೆಲ್ ಬೇರಿಂಗ್ ಸಿಗುತ್ತದೆ. ಅದನ್ನು ರೌಂಡ್‌ಟೇಬಲ್‌ನ ಅವಳಿ ಗೊಂಬೆಗಳಂಥ ಅಂಗಡಿಯವರಿಗೆ ಕೊಟ್ಟರೆ ಮೊದಲೆರಡು ದರ್ಜೆಯ ಕಲ್ಲು ಬೇಕಾದಷ್ಟು ಕೊಳ್ಳಬಹುದು. ಆಗ ಬೇರೆ ಬೇರೆ ಆಯುಧ ಪರೀಕ್ಷಿಸಿ ನೋಡಿ.

ಇನ್ನೆರಡು ಸಣ್ಣ ವಿಷಯ. ಆಯುಧವನ್ನು ಎರಡೂ ಕೈಯಲ್ಲಿ ಹಿಡಿದರೆ ನಿಮ್ಮ ಸ್ಟ್ರೆಂಗ್ತ್ ಒಂದೂವರೆ ಪಟ್ಟು ಅಂತ ಲೆಕ್ಕ. 18 ಬೇಕಾದ ಆಯುಧಕ್ಕೆ 12 ಸಾಕು. ಎರಡನೆಯದು ಭಾರ. ಎಕ್ವಿಪ್ ಲೋಡ್ 70 ಶೇಕಡಾ ದಾಟಿದರೆ ಉರುಳುವುದು ನಿಧಾನವಾಗುತ್ತದೆ, ಪೆಟ್ಟು ತಪ್ಪಿಸಿಕೊಳ್ಳುವುದು ಕಷ್ಟ. ಚೆಂದ ಕಾಣುತ್ತದೆ ಅಂತ ಭಾರದ ಕವಚ ಹೇರಿಕೊಂಡು ಸಾಯುವವರೇ ಜಾಸ್ತಿ. ಹಾಸಿಗೆ ಇದ್ದಷ್ಟು ಕಾಲು ಚಾಚಿ.

ಅಂಕಿ ಹಂಚಿದ್ದು ಸರಿಹೋಗಲಿಲ್ಲ ಅನ್ನಿಸಿದರೆ ರಾಯಾ ಲುಕಾರಿಯಾ ಅಕಾಡೆಮಿಯ ರೆನ್ನಾಲಾಳನ್ನು ಸೋಲಿಸಿದ ಮೇಲೆ ಒಂದು ಲಾರ್ವಲ್ ಟಿಯರ್ ಕೊಟ್ಟು ಪೂರ್ತಿ ಬದಲಿಸಿಕೊಳ್ಳಬಹುದು.

ಹಂತ 6: ಸತ್ತಾಗ ಏನು ಮಾಡಬೇಕು

ಸತ್ತರೆ ಕೈಯಲ್ಲಿದ್ದ ರೂನ್ ಅಲ್ಲೇ ಬೀಳುತ್ತದೆ. ಹೋಗಿ ಎತ್ತಿಕೊಳ್ಳುವ ಮೊದಲೇ ಮತ್ತೆ ಸತ್ತರೆ ಹೋಯಿತು. ಆದ್ದರಿಂದ ಹೊಸ ಜಾಗಕ್ಕೆ ಕಾಲಿಡುವ ಮೊದಲು ಇರುವ ರೂನ್ ಖರ್ಚು ಮಾಡಿ. ಲೆವೆಲ್‌ಗೆ ಸಾಲದಿದ್ದರೆ ಅಂಗಡಿಯಲ್ಲಿ ಏನಾದರೂ ಕೊಳ್ಳಿ. ಚೀಲದಲ್ಲಿರುವ ಗೋಲ್ಡನ್ ರೂನ್‌ಗಳನ್ನು ಒಡೆಯದೆ ಇಟ್ಟುಕೊಳ್ಳಿ. ಸತ್ತರೂ ಅವು ಹೋಗುವುದಿಲ್ಲ. ಲೆವೆಲ್‌ಗೆ ಸ್ವಲ್ಪ ಕಮ್ಮಿ ಬಿದ್ದಾಗ ಒಡೆದರೆ ಸಾಕು.

ಒಬ್ಬ ಬಾಸ್ ಹತ್ತಿರ ಸೋಲುತ್ತಲೇ ಇದ್ದರೆ ಯಾಕೆ ಸೋಲುತ್ತಿದ್ದೀರಿ ಅಂತ ನೋಡಿ. ಎರಡು ಏಟಿಗೆ ಸಾಯುತ್ತಿದ್ದರೆ ವಿಗರ್ ಸಾಲದು. ಹೊಡೆದು ಹೊಡೆದು ಕೈ ಸೋತರೂ ಬಾಸ್‌ನ ಜೀವ ಇಳಿಯದಿದ್ದರೆ ಕಲ್ಲು ಸಾಲದು, ಗಣಿ ಹುಡುಕಿ. ಗೆಲ್ಲುವ ಹತ್ತಿರ ಬಂದು ಫ್ಲಾಸ್ಕ್ ಖಾಲಿಯಾಗುತ್ತಿದ್ದರೆ ಚರ್ಚ್ ಮತ್ತು ಚಿನ್ನದ ಗಿಡಗಳ ಕಡೆ ಹೋಗಿ. ಇಬ್ಬಿಬ್ಬರು ಬಾಸ್ ಒಟ್ಟಿಗೆ ಮೇಲೆ ಬೀಳುತ್ತಿದ್ದರೆ ಆತ್ಮಗಳನ್ನು ಬಲಪಡಿಸಿ. ಮ್ಯಾಪ್ ಓದಲು ಕಲಿತಿದ್ದರ ಉಪಯೋಗ ಇಲ್ಲೇ ಗೊತ್ತಾಗುವುದು. ಎಲ್ಲೆಲ್ಲೋ ಅಲೆಯುವ ಬದಲು ಬೇಕಾದದ್ದು ಸಿಗುವ ಜಾಗಕ್ಕೇ ಹೋಗುತ್ತೀರಿ.

ಮಾರ್ಗಿಟ್‌ಗೆ ಅಂತಲೇ ಎರಡು ಸಹಾಯ ಇವೆ. ಮರ್ಕ್‌ವಾಟರ್ ಗುಹೆಯ ವ್ಯಾಪಾರಿ ಪ್ಯಾಚಸ್ 5000 ರೂನ್‌ಗೆ ಒಂದು ಸಂಕೋಲೆ ಮಾರುತ್ತಾನೆ. ಅದು ಮಾರ್ಗಿಟ್‌ನನ್ನು ಸ್ವಲ್ಪ ಹೊತ್ತು ಕಟ್ಟಿಹಾಕುತ್ತದೆ. ಬಾಸ್ ಬಾಗಿಲ ಹೊರಗೆ ಚಿನ್ನದ ಬಣ್ಣದ ಗುರುತು ಮುಟ್ಟಿದರೆ ರೋಜಿಯರ್ ಅನ್ನುವ ಮಂತ್ರವಾದಿ ಜೊತೆಗೆ ಬರುತ್ತಾನೆ. ಹಾಗೆ ಯಾರನ್ನಾದರೂ ಕರೆದರೆ ಬಾಸ್‌ನ ಜೀವವೂ ಸ್ವಲ್ಪ ಹೆಚ್ಚುತ್ತದೆ, ಅದು ಗೊತ್ತಿರಲಿ. ಅಷ್ಟಕ್ಕೂ ಆಗಲಿಲ್ಲ ಅಂದರೆ ಸ್ಟಾರ್ಮ್‌ವೇಲ್ ಅನ್ನೇ ಬಿಡಬಹುದು. ಕೋಟೆಯ ಪಕ್ಕದ ಕಡಿದಾದ ಅಂಚಿನಲ್ಲಿ ಲಿಯುರ್ನಿಯಾಕ್ಕೆ ಹೋಗುವ ಒಂದು ದಾರಿ ಇದೆ. ಆದರೆ ಕೋಟೆಗೆ ಆಮೇಲಾದರೂ ಬನ್ನಿ. ಇಡೀ ಆಟದಲ್ಲಿ ಇಷ್ಟು ಚೆನ್ನಾಗಿ ಕಟ್ಟಿದ ಕೋಟೆಗಳು ಕಮ್ಮಿ. ಮುಖ್ಯ ಬಾಗಿಲಿನಿಂದ ಹೋಗದೆ ಬಾಗಿಲು ಕಾಯುವ ಗಾಸ್ಟಾಕ್ ಹೇಳುವ ಪಕ್ಕದ ಕಿಂಡಿಯಿಂದ ಹೋದರೆ ಅದರ ಮಾಡುಗಳ ಮೇಲೆಲ್ಲ ಸುತ್ತಬಹುದು.

ಹಂತ 7: ಜನರನ್ನು ಮಾತಾಡಿಸಿ, ಮತ್ತೆ ಮತ್ತೆ

ಯಾರು ಸಿಕ್ಕರೂ ಅವರ ಮಾತು ಒಂದೇ ಸಾಲಿಗೆ ತಿರುಗುವವರೆಗೆ ಮಾತಾಡಿಸಿ. ಮಿಸ್ಟ್‌ವುಡ್ ಕಾಡಿನಲ್ಲಿ ತೋಳ ಊಳಿಡುವ ಸದ್ದು ಕೇಳಿದರೆ ಕಾಲೆ ಹತ್ತಿರ ಹೋಗಿ ಕೇಳಿ. ಅವನು ಚಿಟಿಕೆ ಹೊಡೆಯುವುದನ್ನು ಕಲಿಸುತ್ತಾನೆ. ಅದನ್ನು ಮಾಡಿದರೆ ಪಾಳು ಗೋಡೆ ಮೇಲಿಂದ ಬ್ಲೈಡ್ ಅನ್ನುವ ತೋಳಮುಖದ ಯೋಧ ಇಳಿದು ಬರುತ್ತಾನೆ. ಇಂಥ ಸುಳಿವನ್ನು ಆಟ ಎಲ್ಲೂ ಬರೆದಿಡುವುದಿಲ್ಲ. 2022ರ ಮಾರ್ಚ್‌ನ ಅಪ್‌ಡೇಟ್ ಆದ ಮೇಲೆ ಭೇಟಿಯಾದವರ ಹೆಸರು ಮ್ಯಾಪ್ ಮೇಲೆ ಕಾಣುತ್ತದೆ, ಅಷ್ಟು ಅನುಕೂಲ.

ಅದೇ ಕಾಡಿನಲ್ಲಿ ಸಿಯೋಫ್ರಾ ನದಿಯ ಬಾವಿ ಇದೆ. ಲಿಫ್ಟ್ ಹತ್ತಿ ಕೆಳಗೆ ಹೋಗಿ. ಏನಿದೆ ಅಂತ ಹೇಳುವುದಿಲ್ಲ. ಲೆವೆಲ್ ಕಮ್ಮಿ ಇದ್ದರೆ ಸುಮ್ನೆ ನೋಡಿಕೊಂಡು ವಾಪಸ್ ಬನ್ನಿ.

ಹಂತ 8: ಶ್ಯಾಡೋ ಆಫ್ ದಿ ಎರ್ಡ್‌ಟ್ರೀಗೆ ಹೋಗುವ ಮೊದಲು

2024ರ ಜೂನ್‌ನಲ್ಲಿ ಬಂದ ಈ ಹೆಚ್ಚುವರಿ ಭಾಗಕ್ಕೆ ಹೋಗಬೇಕೆಂದರೆ ರಾದಾನ್ ಮತ್ತು ಮೋಗ್ ಅನ್ನುವ ಇಬ್ಬರು ಬಾಸ್‌ಗಳನ್ನೂ ಸೋಲಿಸಿರಬೇಕು. ಲೆವೆಲ್ 150 ಇದ್ದವರೂ ಇಲ್ಲಿ ಮೊದಲ ದಿನ ಚೆನ್ನಾಗಿ ಒದೆ ತಿನ್ನುತ್ತಾರೆ. ಯಾಕೆಂದರೆ ಇಲ್ಲಿ ಬೇರೆಯದೇ ಒಂದು ಏಣಿ ಇದೆ, ಸ್ಕಾಡುಟ್ರೀ ಬ್ಲೆಸಿಂಗ್. ಅದು ಏರಿದಂತೆ ನೀವು ಕೊಡುವ ಪೆಟ್ಟು ಹೆಚ್ಚುತ್ತದೆ, ತಿನ್ನುವ ಪೆಟ್ಟು ಕಡಿಮೆಯಾಗುತ್ತದೆ. ಏರಿಸಲು ರೂನ್ ನಡೆಯುವುದಿಲ್ಲ, ಸ್ಕಾಡುಟ್ರೀ ಫ್ರ್ಯಾಗ್‌ಮೆಂಟ್‌ಗಳೇ ಬೇಕು. ಅವು ಇಡೀ ನೆರಳಿನ ನಾಡಿನಲ್ಲಿ ಚದುರಿಬಿದ್ದಿವೆ. ಒಟ್ಟು 50 ಇವೆ, ಗರಿಷ್ಠ ಮಟ್ಟ 20. ಮಿಕೆಲಾನ ಶಿಲುಬೆಗಳ ಬುಡದಲ್ಲಿ ಮತ್ತು ಚರ್ಚ್‌ಗಳಲ್ಲಿ ಮೊದಲು ನೋಡಿ. ಸಿಕ್ಕಿದ್ದನ್ನು ಚೀಲದಲ್ಲೇ ಇಟ್ಟುಕೊಂಡು ಮರೆಯಬೇಡಿ. ಗ್ರೇಸ್ ಬಳಿ ಕೂತು ಪ್ರತ್ಯೇಕವಾಗಿ ಹಾಕಬೇಕು. ಬ್ಲೆಸಿಂಗ್ 4 ಅಥವಾ 5 ಆಗುವವರೆಗೆ ದೊಡ್ಡ ಬಾಸ್‌ಗಳನ್ನು ಬಿಟ್ಟು ಬರೀ ಕುದುರೆ ಮೇಲೆ ಸುತ್ತಿ.